ಮರದ ಉಂಗುರದಲ್ಲಿ ಸೂರ್ಯನ ಲೆಕ್ಕ

ಪ್ರಶ್ನೆ: ಪುಣೆಯ ಪಾಷಾಣ್‌ನಲ್ಲಿ ನಮ್ಮ ಮನೆಗೆ ಹತ್ತಿರವೇ ಇರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ತೇಗದ ಉಂಗುರಗಳಿಂದ ಹಿಂದಿನ ಮಳೆಗಾಲಗಳನ್ನು ಅಭ್ಯಸಿಸುತ್ತಾರೆಂದು ಓದಿದ್ದೇನೆ. ಸಾವಿರ ವರ್ಷಗಳ ಹಿಂದಿನ ಸೂರ್ಯನ ಚಟುವಟಿಕೆಯೂ ಉಂಗುರಗಳಿಂದ ತಿಳಿಯುತ್ತದಂತೆ. ಬಿಸಿಲು ಪ್ರಖರವಾಗಿದ್ದ ವರ್ಷ ಉಂಗುರ ಅಗಲವಾಗುತ್ತದೆಯೇ?
– ಓದುಗರೊಬ್ಬರು, ಪುಣೆ

ಉತ್ತರ: ಇಲ್ಲ. ತೇಗದ ಉಂಗುರದ ಅಗಲವು ಬಹುಮಟ್ಟಿಗೆ ಆ ವರ್ಷದ ಮಳೆಯನ್ನೂ ಮಣ್ಣಿನ ತೇವವನ್ನೂ ಹೇಳುತ್ತದೆ. ಸೂರ್ಯನ ಸುದ್ದಿ ಇರುವುದು ಉಂಗುರದೊಳಗಿನ ಇಂಗಾಲದಲ್ಲಿ.

ಬಾಹ್ಯಾಕಾಶದಿಂದ ಬರುವ ಪ್ರಬಲ ಕಣಗಳಾದ ಕಾಸ್ಮಿಕ್ ಕಿರಣಗಳು ವಾಯುಮಂಡಲದ ಮೇಲ್ಪದರಗಳಿಗೆ ಅಪ್ಪಳಿಸಿದಾಗ ಹೊರಬೀಳುವ ನ್ಯೂಟ್ರಾನ್‌ಗಳು ಸಾರಜನಕವನ್ನು ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲವಾಗಿ ಮಾರ್ಪಡಿಸುತ್ತವೆ. ಅದು ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ಎಲೆಯನ್ನು ಹೊಕ್ಕು ಆ ವರ್ಷದ ಉಂಗುರದ ಸೆಲ್ಯುಲೋಸ್‌ನಲ್ಲಿ ಉಳಿದುಬಿಡುತ್ತದೆ. ಇದರ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) ಸುಮಾರು 5,730 ವರ್ಷ ಎಂದು ಗೊತ್ತಿರುವುದರಿಂದ, ಉಂಗುರದ ವಯಸ್ಸನ್ನು ಎಣಿಸಿ ತಿಳಿದರೆ, ಈಗ ಉಳಿದಿರುವ ಪ್ರಮಾಣದಿಂದ ಮೊದಲಿದ್ದ ಪ್ರಮಾಣವನ್ನು ಲೆಕ್ಕಹಾಕಬಹುದು.

ಇಲ್ಲಿ ಓದುಗರು ಸಾಮಾನ್ಯವಾಗಿ ಎಡವುವ ವಿಷಯವೊಂದಿದೆ. ಸೂರ್ಯ ಚುರುಕಾಗಿದ್ದಾಗ ಅದರ ಕಾಂತಕ್ಷೇತ್ರವು ನಕ್ಷತ್ರಲೋಕದಿಂದ ಬರುವ ಕಾಸ್ಮಿಕ್ ಕಿರಣಗಳನ್ನು ಹೆಚ್ಚಾಗಿ ತಡೆಯುತ್ತದೆ. ಆದ್ದರಿಂದ ಕಾರ್ಬನ್-14 ಕಡಿಮೆಯಾಗುತ್ತದೆ. ಸೂರ್ಯನ ಚುರುಕನ್ನು ಸೂಚಿಸುವ ಕಪ್ಪು ಮಚ್ಚೆಗಳು, ಅಂದರೆ ಸೂರ್ಯಕಲೆಗಳು, ತೀರ ವಿರಳವಾಗಿದ್ದ 1645ರಿಂದ 1715ರ ಅವಧಿಯ ಉಂಗುರಗಳಲ್ಲಿ ಅದು ಹೆಚ್ಚಿರುವುದಕ್ಕೆ ಇದೇ ಕಾರಣ. ಆದರೆ ಸೂರ್ಯನೇ ಒಮ್ಮೆಲೇ ಭಾರಿ ಪ್ರಮಾಣದಲ್ಲಿ ಪ್ರಬಲ ಪ್ರೋಟಾನ್‌ಗಳನ್ನು ಉಗುಳಿದರೆ, ಕಾರ್ಬನ್-14 ಏರುತ್ತದೆ. ಮೊದಲನೆಯದು ದಶಕಗಳ ನಿಧಾನದ ಬದಲಾವಣೆ, ಎರಡನೆಯದು ಒಂದೆರಡು ವರ್ಷಗಳ ಹಠಾತ್ ಜಿಗಿತ. ಇವೆರಡನ್ನು ಬೇರ್ಪಡಿಸಲು ಉಂಗುರಗಳನ್ನು ಒಂದೊಂದಾಗಿ ಅಳೆಯುವುದು ಅನಿವಾರ್ಯ.

ಹಾಗೆ ಅಳೆದವರು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಫೂಸಾ ಮಿಯಾಕೆ ಮತ್ತು ಸಂಗಡಿಗರು. ಯಾಕು ದ್ವೀಪದ ಸೀಡರ್ ಮರಗಳಲ್ಲಿ ಕ್ರಿ.ಶ. 774ರಿಂದ 775ರೊಳಗೆ ಕಾರ್ಬನ್-14 ಸುಮಾರು ಶೇ 1.2ರಷ್ಟು ಏರಿತ್ತೆಂದು ಅವರು 2012ರಲ್ಲಿ ಪ್ರಕಟಿಸಿದರು. ಸಂಖ್ಯೆ ಚಿಕ್ಕದೆನಿಸಿದರೂ, ಸೂರ್ಯನ ಸಾಮಾನ್ಯ ಏರಿಳಿತದಿಂದ ಆಗುವ ಬದಲಾವಣೆಯ ಸುಮಾರು 20 ಪಟ್ಟು ಅದು. ಮುಂದೆ ಬೇರೆ ಖಂಡಗಳ ಮರಗಳಲ್ಲೂ ಅದೇ ವರ್ಷದ ಗುರುತು ಸಿಕ್ಕಿತು. ಧ್ರುವಪ್ರದೇಶದ ಹಿಮದಲ್ಲಿ, ಇದೇ ರೀತಿ ವಾಯುಮಂಡಲದಲ್ಲಿ ಉಂಟಾಗುವ ಬೆರಿಲಿಯಂ-10 ಕೂಡ ಹೆಚ್ಚಿರುವುದು ಕಂಡುಬಂತು. ಇದು ಅಸಾಧಾರಣವಾದೊಂದು ಸೌರಸ್ಫೋಟ ಎಂಬ ವಿವರಣೆಯನ್ನೇ ಹೆಚ್ಚಿನ ವಿಜ್ಞಾನಿಗಳು ಒಪ್ಪುತ್ತಾರೆ, ನನಗೂ ಅದೇ ಸಮಂಜಸವೆನಿಸುತ್ತದೆ.

ತೇಗದಲ್ಲಿ ಇದನ್ನು ಹುಡುಕುವುದು ಕಷ್ಟ, ಏಕೆಂದರೆ ನಮ್ಮ ತೇಗಗಳ ವಯಸ್ಸು ಸಾಮಾನ್ಯವಾಗಿ ಕೆಲವು ನೂರು ವರ್ಷಗಳಷ್ಟೇ. ಬಹುಪಾಲು ಉಷ್ಣವಲಯದ ಮರಗಳಲ್ಲಂತೂ ವಾರ್ಷಿಕ ಉಂಗುರಗಳೇ ಸ್ಪಷ್ಟವಾಗಿರುವುದಿಲ್ಲ.

ಇಂತಹ ಜಿಗಿತಗಳಿಂದ ಚರಿತ್ರೆಕಾರರಿಗೂ ಲಾಭವಾಗಿದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಉತ್ತರ ಯುರೋಪಿನ ಕಡಲಯಾನಿಗಳಾದ ವೈಕಿಂಗರು ಕಡಿದ ಮರದ ತುಂಡುಗಳಲ್ಲಿ 993ರ ಇನ್ನೊಂದು ಜಿಗಿತದ ಉಂಗುರವನ್ನು ಗುರುತಿಸಿ, ಅಲ್ಲಿಂದ ತೊಗಟೆಯವರೆಗೆ ಎಣಿಸಿ, ಅವನ್ನು ಕಡಿದದ್ದು 1021ರಲ್ಲಿ ಎಂದು ಸಂಶೋಧಕರು 2021ರಲ್ಲಿ ನಿರ್ಣಯಿಸಿದರು.