ಓದುಗರ ಪ್ರಶ್ನೆ: ನೆಗೆವ್ ಮರುಭೂಮಿಯನ್ನು ನೋಡುವ ಬಗೆ

ಪ್ರಶ್ನೆ: ಇಸ್ರೇಲಿನ ದಕ್ಷಿಣದಲ್ಲಿರುವ ನೆಗೆವ್ ಮರುಭೂಮಿಯಲ್ಲಿ ತಾಯಿಯವರೊಂದಿಗೆ ಮೂರು ದಿನ ಕಳೆಯಲಿದ್ದೇನೆ. ಬೈಬಲ್ಲಿನಲ್ಲಿ ಬರುವ ಸ್ಥಳಗಳನ್ನೂ ಅಲ್ಲಿನ ನಿಸರ್ಗವನ್ನೂ ನೋಡುವ ಆಸೆ ನಮ್ಮದು. ತಾಯಿಯವರಿಗೆ ಏರು ಹತ್ತುವುದು ಕಷ್ಟ. ಎಲ್ಲಿಂದ ಆರಂಭಿಸಬೇಕು?

ಉತ್ತರ: ಬೇರ್ಷೆಬದಿಂದ ಆರಂಭಿಸಿ 40ನೆಯ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಿರಿ. ಹೋದಲ್ಲೆಲ್ಲ ‘ಇಲ್ಲಿದ್ದವರಿಗೆ ನೀರು ಎಲ್ಲಿಂದ ಬರುತ್ತಿತ್ತು’ ಎಂದು ಕೇಳಿಕೊಳ್ಳಿರಿ. ಈ ಮರುಭೂಮಿಯ ಇತಿಹಾಸವೂ ಭೂರಚನೆಯೂ ಆ ಒಂದು ಪ್ರಶ್ನೆಯಿಂದಲೇ ಬಿಡಿಸಿಕೊಳ್ಳುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ.

ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ಅಬ್ರಹಾಮನು ತಾನು ತೋಡಿಸಿದ ಬಾವಿಗೆ ಸಾಕ್ಷಿಯಾಗಿ ಗೆರಾರಿನ ಅರಸನಾದ ಅಬೀಮೆಲೆಕನಿಗೆ ಏಳು ಹೆಣ್ಣು ಕುರಿಮರಿಗಳನ್ನು ಕೊಟ್ಟ ಪ್ರಸಂಗ ಬೇರ್ಷೆಬದ್ದು. ಊರಿನ ಹೊರಗಿರುವ ಪುರಾತನ ದಿಬ್ಬದಲ್ಲಿ, ನಗರದ ಬಾಗಿಲಿನ ಹೊರಗೆ, ಸುಮಾರು 69 ಮೀಟರ್ ಆಳದ ಬಾವಿಯೊಂದಿದೆ. ಆದರೆ ಅಲ್ಲಿ ಇಂದು ಕಾಣುವ ಬೀದಿಗಳೂ ಉಗ್ರಾಣಗಳೂ ಬಹುಪಾಲು ಕ್ರಿ.ಪೂ. 8ನೆಯ ಶತಮಾನದ ಯೆಹೂದ ರಾಜ್ಯದ ಕಾಲದವು ಎಂಬುದನ್ನು ಮರೆಯಬಾರದು. ಕಥೆಯ ಕಾಲವನ್ನು ಈ ಕಲ್ಲುಗಳ ಕಾಲದೊಂದಿಗೆ ಬೆರೆಸಿದರೆ ಎರಡಕ್ಕೂ ಅನ್ಯಾಯವಾಗುತ್ತದೆ. ನೆರೆ ನೀರನ್ನು ತಿರುಗಿಸಿ ತುಂಬಿಸಿಕೊಳ್ಳುತ್ತಿದ್ದ ನೆಲದಡಿಯ ಜಲಾಗಾರಕ್ಕೆ ಮೆಟ್ಟಿಲಿಳಿಯಬೇಕಾದ್ದರಿಂದ ಅದನ್ನು ನೀವೊಬ್ಬರೇ ನೋಡಿ ಬರುವುದು ಒಳ್ಳೆಯದು.

ಎರಡನೆಯ ದಿನವನ್ನು ಅವ್ದತ್‌ಗೆ ಮೀಸಲಿಡಿ. ನನ್ನ ಮಟ್ಟಿಗೆ ನೆಗೆವ್‌ನಲ್ಲಿ ಇದಕ್ಕಿಂತ ಹೆಚ್ಚು ಕಲಿಸುವ ಸ್ಥಳವಿಲ್ಲ. ಅರೇಬಿಯದ ಧೂಪವನ್ನೂ ರಕ್ತಬೋಳವನ್ನೂ ಒಂಟೆಗಳ ಮೇಲೆ ಹೇರಿಕೊಂಡು ಪೆಟ್ರಾದಿಂದ ಗಾಜಾದ ಬಂದರಿನತ್ತ ಸಾಗುತ್ತಿದ್ದ ನಬಾತಿಯನ್ನರೆಂಬ ಪ್ರಾಚೀನ ಅರಬ್ ಜನಾಂಗದ ವರ್ತಕರ ತಂಗುದಾಣವಾಗಿ ಹುಟ್ಟಿದ ಈ ಊರು ಮುಂದೆ ಬೈಜಾಂಟಿಯನ್ (ಪೂರ್ವ ರೋಮನ್ ಸಾಮ್ರಾಜ್ಯದ) ಕಾಲದಲ್ಲಿ ಚರ್ಚುಗಳೂ ದ್ರಾಕ್ಷಾರಸದ ತೊಟ್ಟಿಗಳೂ ಇದ್ದ ಪಟ್ಟಣವಾಯಿತು. ನೆಗೆವ್‌ನ ಇತರ ಪುರಾತನ ಪಟ್ಟಣಗಳಾದ ಹಾಲುಜಾ, ಮಮ್ಶಿತ್, ಶಿವ್ತಾಗಳೊಂದಿಗೆ ಇದು 2005ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಬೀಳುವುದು ಅಪರೂಪವಾದ ಇಲ್ಲಿ ದ್ರಾಕ್ಷಿ ಬೆಳೆದದ್ದು ಹೇಗೆ? ಇಲ್ಲಿನ ನವಿರಾದ ಮಣ್ಣು ಮೊದಲ ಹನಿಗಳಿಗೇ ಹೆಪ್ಪುಗಟ್ಟಿ ಮೇಲ್ಪದರ ಮುಚ್ಚಿಕೊಳ್ಳುತ್ತದೆ. ನೀರು ಇಂಗದೆ ಇಳಿಜಾರಿನಲ್ಲಿ ಹರಿದುಬಿಡುತ್ತದೆ. ಹೀಗೆ ಹರಿಯುವ ನೀರನ್ನು ಕಾಲುವೆಗಳಿಂದ ತಡೆದು, ಒಂದು ಎಕರೆ ಹೊಲಕ್ಕೆ 20ರಿಂದ 30 ಎಕರೆ ಗುಡ್ಡದ ನೀರನ್ನು ತಂದು ನಿಲ್ಲಿಸುತ್ತಿದ್ದರು. ಸಸ್ಯವಿಜ್ಞಾನಿ ಮೈಕೆಲ್ ಎವೆನಾರಿ ಅವರು ಅದೇ ಕ್ರಮದಲ್ಲಿ ಅಲ್ಲಿ ಹೊಲವೊಂದನ್ನು ಮತ್ತೆ ಕಟ್ಟಿ, ಕೇವಲ ಹರಿದು ಬಂದ ಮಳೆನೀರಿನಲ್ಲಿ ಬೆಳೆ ತೆಗೆದು ತೋರಿಸಿದರು. ದಿಬ್ಬದ ಮೇಲೆ ನಿಂತು ಕೆಳಗಿನ ಕಣಿವೆಯ ಕಲ್ಲುಬದುಗಳನ್ನು ಸಾವಕಾಶವಾಗಿ ನೋಡಿರಿ.

ಸಮೀಪದ ಐನ್ ಅವ್ದತ್ ಸುಣ್ಣಕಲ್ಲಿನ ಕಮರಿಯಲ್ಲಿ ಚಿಲುಮೆಗಳಿವೆ, ಈಜಲು ಅನುಮತಿಯಿಲ್ಲ. ಮೇಲಿನ ದ್ವಾರಕ್ಕೆ ಹೋಗುವ ದಾರಿಯಲ್ಲಿ ಏಣಿಗಳಿದ್ದು, ಅವುಗಳನ್ನು ಹತ್ತಿದ ಮೇಲೆ ಅದೇ ದಾರಿಯಲ್ಲಿ ಇಳಿಯುವಂತಿಲ್ಲ. ಆದ್ದರಿಂದ ತಾಯಿಯವರೊಂದಿಗೆ ಕೆಳಗಿನ ದ್ವಾರದಿಂದ ಒಳಹೋಗಿ, ಕೊಳದವರೆಗೆ ನಡೆದು ಹಿಂದಿರುಗಿರಿ. ಇಸ್ರೇಲಿನ ಮೊದಲ ಪ್ರಧಾನಿ ಬೆನ್-ಗುರಿಯನ್ ಅವರ ಸಮಾಧಿಯೂ ಆ ದ್ವಾರದ ಹತ್ತಿರವೇ ಇದೆ.

ಪ್ರಶ್ನೆ: ನೆಗೆವ್‌ನಲ್ಲಿರುವ ರಾಮೋನ್ ಕುಳಿ ಉಲ್ಕೆ ಬಿದ್ದು ಆದದ್ದೇ?

ಉತ್ತರ: ಅಲ್ಲ, ಜ್ವಾಲಾಮುಖಿಯ ಬಾಯಿಯೂ ಅಲ್ಲ. ಸುಮಾರು 40 ಕಿಲೋಮೀಟರ್ ಉದ್ದದ ಈ ತಗ್ಗನ್ನು ಕೊರೆದದ್ದು ಸವೆತ. ಮಡಿಕೆಯಾಗಿ ಮೇಲೆದ್ದ ಬೆಟ್ಟದ ನೆತ್ತಿಯ ಗಟ್ಟಿ ಸುಣ್ಣಕಲ್ಲು ಮೊದಲು ಸವೆಯಿತು. ಅದರಡಿಯ ಮೆದು ಮರಳುಗಲ್ಲು ಬಯಲಾದ ಮೇಲೆ ನೀರು ಅದನ್ನು ಬೇಗನೆ ಕೊಚ್ಚಿಕೊಂಡು ಹೋಯಿತು. ಅಂಚಿನ ಮಿಟ್ಸ್‌ಪೆ ರಾಮೋನ್ ಊರಿನಲ್ಲಿರುವ ಸಂದರ್ಶಕರ ಕೇಂದ್ರವು, 2003ರ ಕೊಲಂಬಿಯ ಬಾಹ್ಯಾಕಾಶ ನೌಕೆಯ ದುರಂತದಲ್ಲಿ ಕಲ್ಪನಾ ಚಾವ್ಲಾ ಅವರೊಂದಿಗೆ ಮಡಿದ ಇಸ್ರೇಲಿನ ಗಗನಯಾತ್ರಿ ಇಲಾನ್ ರಾಮೋನ್ ಅವರ ಸ್ಮಾರಕವೂ ಹೌದು. ಒಂದು ರಾತ್ರಿ ಅಲ್ಲಿಯೇ ಉಳಿಯಿರಿ. ಅಷ್ಟು ಕಪ್ಪಾದ ಆಕಾಶ ನಗರವಾಸಿಗಳಿಗೆ ಸುಲಭವಾಗಿ ಸಿಗುವುದಿಲ್ಲ.

ಪ್ರಶ್ನೆ: ಚಳಿಗಾಲದ ಪ್ರಯಾಣ ಸುರಕ್ಷಿತವೇ?

ಉತ್ತರ: ಬಿಸಿಲಿನ ದೃಷ್ಟಿಯಿಂದ ನವೆಂಬರಿನಿಂದ ಮಾರ್ಚ್‌ವರೆಗಿನ ಕಾಲವೇ ಉತ್ತಮ, ಆದರೆ ಹಠಾತ್ ಪ್ರವಾಹಗಳು ಬರುವುದೂ ಆಗಲೇ. ಅವ್ದತ್‌ನ ಹೊಲಗಳನ್ನು ಪೊರೆದ ಆ ಇಂಗದ ನೀರೇ ಒಣಹಳ್ಳಗಳಲ್ಲಿ ಕ್ಷಣಮಾತ್ರದಲ್ಲಿ ಗೋಡೆಯಂತೆ ನುಗ್ಗುತ್ತದೆ. ಮಳೆ ಎಷ್ಟೋ ದೂರದಲ್ಲಿ ಬಿದ್ದಿದ್ದು, ನಿಮ್ಮ ತಲೆಯ ಮೇಲೆ ಆಕಾಶ ಶುಭ್ರವಾಗಿರಬಹುದು. ವಸಂತದಲ್ಲಿಯೂ ಅಪಾಯ ತಪ್ಪಿದ್ದಲ್ಲ: 2018ರ ಏಪ್ರಿಲ್‌ನಲ್ಲಿ ಮೃತ ಸಮುದ್ರದ ಬಳಿಯ ನಹಲ್ ತ್ಸಾಫಿತ್ ಕಮರಿಯಲ್ಲಿ ಹತ್ತು ಮಂದಿ ತರುಣ ತರುಣಿಯರು ಹೀಗೆಯೇ ಪ್ರಾಣ ಕಳೆದುಕೊಂಡರು. ಇಸ್ರೇಲಿನ ನಿಸರ್ಗ ಮತ್ತು ಉದ್ಯಾನ ಪ್ರಾಧಿಕಾರವು ಮುಚ್ಚಿದ ದಾರಿಗೆ ಎಂದಿಗೂ ಇಳಿಯಬೇಡಿ. ಗುರುತು ಹಾಕಿದ ದಾರಿ ಬಿಡಬೇಡಿ, ಏಕೆಂದರೆ ನೆಗೆವ್‌ನ ಬಹುಭಾಗ ಸೇನೆಯ ತರಬೇತಿ ಪ್ರದೇಶವಾಗಿದೆ. ಹೊರಡುವ ಮುನ್ನ ವಿದೇಶಾಂಗ ಇಲಾಖೆಯ ಪ್ರಯಾಣ ಸೂಚನೆಯನ್ನು ಓದಿಕೊಳ್ಳಿ. ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಸಂಜೆಯವರೆಗೆ ಬಸ್ಸುಗಳು ಬಹುತೇಕ ಓಡುವುದಿಲ್ಲವಾದ್ದರಿಂದ ಆ ಅವಧಿಗೆ ಬೇರೆ ವಾಹನವನ್ನು ಗೊತ್ತುಮಾಡಿಕೊಳ್ಳಿ. ಮಳೆಯ ಮುನ್ಸೂಚನೆ ಬಂದ ದಿನ ಕಮರಿಯನ್ನು ಬಿಟ್ಟು, ರಾಮೋನ್ ಅಂಚಿನ ಮೇಲಿನ ಸಮತಟ್ಟಾದ ದಾರಿಯಲ್ಲಿ ನಡೆಯಿರಿ. ತಾಯಿಯವರಿಗೂ ಅದೇ ಅನುಕೂಲ.