ನಿಮ್ಮ ಟ್ಯಾಂಕಿನ ಕಥೆ ವಾಪಸು

ಪ್ರಿಯರೇ,

ಬದಿಯಡ್ಕದಿಂದ ನೀವು ಕಳಿಸಿದ ‘ರೈನ್ ದಾಟಿದವರು’ ಕಥೆಯನ್ನು ಎರಡು ಸಲ ಓದಿದೆ. 1945ರ ಮಾರ್ಚಿನಲ್ಲಿ ಬ್ರಿಟಿಷ್ ಸೇನೆಯ ಶರ್ಮನ್ ಟ್ಯಾಂಕುಗಳು ರೈನ್ ನದಿಯನ್ನು ಈಜಿ ದಾಟಿದ್ದು ಅದರ ವಸ್ತು. ಈಗಿರುವಂತೆ ಪ್ರಕಟಿಸಲಾರೆ.

ನಿಮ್ಮ ಟ್ಯಾಂಕು ನಡುಹೊಳೆಯಲ್ಲಿ ಗುಂಡು ಹಾರಿಸುತ್ತಾ ಸಾಗುತ್ತದೆ. ಆಗದ ಮಾತು. ಹಂಗೇರಿ ಮೂಲದ ಇಂಜಿನಿಯರ್ ನಿಕೋಲಸ್ ಸ್ಟ್ರಾಸ್ಲರ್ ಹೂಡಿದ ಉಪಾಯ ನೋಡಿ: ಟ್ಯಾಂಕಿನ ಸುತ್ತ ಕ್ಯಾನ್ವಾಸಿನ ಗೋಡೆ. ಅದಕ್ಕೆ ಹೊಂದಿಸಿದ ರಬ್ಬರ್ ಕೊಳವೆಗಳಿಗೆ ಗಾಳಿ ತುಂಬಿದರೆ ಗೋಡೆ ಎದ್ದು ನಿಲ್ಲುತ್ತದೆ, ಮೂವತ್ತು ಟನ್ನಿಗೂ ಮಿಕ್ಕಿದ ಉಕ್ಕು ದೋಣಿಯಾಗುತ್ತದೆ. ಗೋಡೆ ಎದ್ದಿರುವಷ್ಟು ಹೊತ್ತೂ ಫಿರಂಗಿಯ ಬಾಯಿಗೆ ಬಟ್ಟೆ ಅಡ್ಡ. ದಡ ಹತ್ತಿ ಅದನ್ನು ಕೆಡವಿದ ಮೇಲೆಯೇ ಗುಂಡು. ಚೈನು ನೀರನ್ನು ಬಗೆದು ಟ್ಯಾಂಕನ್ನು ಮುಂದೊಯ್ಯುವುದೂ ಇಲ್ಲ. ಅದಕ್ಕೆ ಹಿಂದೆ ಎರಡು ಪ್ರೊಪೆಲ್ಲರ್ ಇವೆ.

ಇಷ್ಟನ್ನು ಒಂದು ಸಂಜೆ ಕೂತು ತಿದ್ದಬಹುದು. ದೊಡ್ಡ ಕೊರತೆ ಬೇರೆ: ಟ್ಯಾಂಕಿನೊಳಗೆ ನೀವು ಯಾರನ್ನೂ ಕೂರಿಸಿಲ್ಲ. ಚಾಲಕ ಇರುವುದು ನೀರಿನ ಮಟ್ಟದ ಕೆಳಗೆ. ಅವನ ಮುಂದೆ ಬರೀ ಕ್ಯಾನ್ವಾಸು. ಮೇಲೆ ನಿಂತ ಕಮಾಂಡರ್ ಹೇಳಿದ ಕಡೆ ತಿರುಗಿಸಬೇಕು. 1944ರ ಜೂನ್ 6ರಂದು ಫ್ರಾನ್ಸಿನ ಒಮಾಹಾ ತೀರದೆದುರು ಒಂದು ಅಮೆರಿಕನ್ ಬೆಟಾಲಿಯನ್ ಇಂಥ 29 ಟ್ಯಾಂಕುಗಳನ್ನು ಕಡಲಿಗೆ ಇಳಿಸಿತು. ಅಲೆಯ ಹೊಡೆತಕ್ಕೆ 27 ಮುಳುಗಿದವು. ರೈನ್ ದಡದಲ್ಲಿ ಕಾಯುತ್ತಿದ್ದ ನಿಮ್ಮ ಚಾಲಕನ ಕಿವಿಗೆ ಆ ಸುದ್ದಿ ಬಿದ್ದಿತ್ತೇ? ಬಿದ್ದಿದ್ದರೆ ಗಾಳಿ ತುಂಬುವಾಗ ಅವನು ಕೊಳವೆಗಳನ್ನು ಎಷ್ಟು ಸಲ ಮುಟ್ಟಿ ನೋಡಿದ?

ಹೀಗೆ ಮುಟ್ಟಿ ನೋಡುವುದು ನಿಮಗೆ ಗೊತ್ತಿಲ್ಲದ್ದೇನಲ್ಲ. ಮೂರನೇ ಪುಟದಲ್ಲಿ, ಯಾಕೆ ಬಂತೋ, ನಿಮ್ಮ ಅಜ್ಜ ಚಂದ್ರಗಿರಿ ಹೊಳೆಯ ಕಡವಿನಲ್ಲಿ ಅಕ್ಕಿಮೂಟೆ ಹೇರಿದ ದೋಣಿಯ ಪಕ್ಕ ಬಗ್ಗಿ, ಅಂಚಿಗೂ ನೀರಿಗೂ ನಡುವೆ ನಾಲ್ಕು ಬೆರಳು ಉಳಿದಿದೆಯೇ ಎಂದು ಅಳೆಯುತ್ತಾರೆ. ಉಳಿದಿಲ್ಲ. ಏನೂ ಹೇಳದೆ ಒಂದು ಮೂಟೆ ಇಳಿಸುತ್ತಾರೆ. ಹತ್ತು ಪುಟದಲ್ಲಿ ನನ್ನ ಎದೆ ಡವಗುಟ್ಟಿದ್ದು ಅಲ್ಲೊಂದೇ ಕಡೆ. ಆ ನಾಲ್ಕು ಬೆರಳನ್ನು ರೈನ್ ನದಿಗೆ ಒಯ್ಯಿರಿ. ಇಲ್ಲವೇ ರೈನನ್ನು ಬಿಟ್ಟು ಅಜ್ಜನ ಜೊತೆ ಕಡವಿನಲ್ಲೇ ಇರಿ. ನನಗೆ ಎರಡೂ ಸಮ್ಮತ.

ಯುದ್ಧದ ಇತಿಹಾಸ ಹೇಳುವ ಮೊದಲ ಎರಡು ಪುಟ ತೆಗೆದುಬಿಡಿ. ‘ಹಂಸದಂತೆ ತೇಲಿತು’ ಅನ್ನುವುದನ್ನೂ. ಮಳೆ ಹಿಡಿಯುವ ಮೊದಲು ಇನ್ನೊಮ್ಮೆ ಕಳಿಸಿ. ಕೈಬರಹವಾದರೂ ಅಡ್ಡಿಯಿಲ್ಲ, ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ.

— ಸಂಪಾದಕ