ಶಾಸನ ಸಾಕಷ್ಟಾಯಿತು, ಇನ್ನು ಬರೆಯಿರಿ

ಪತ್ರದ ಸಾರ: ಶಿವಮೊಗ್ಗ ಜಿಲ್ಲೆಯ ಕಾಲೇಜೊಂದರ ಅತಿಥಿ ಉಪನ್ಯಾಸಕಿ ಬರೆದಿದ್ದಾರೆ. ಜಿಲ್ಲೆಯ ಕೆರೆ ಶಾಸನಗಳ ಮೇಲೆ ಪಿಎಚ್.ಡಿ.ಗೆ ನೋಂದಾಯಿಸಿ ನಾಲ್ಕು ವರ್ಷವಾಗಿದೆ. ಟಿಪ್ಪಣಿ ಐನೂರು ಪುಟ, ಬರೆದದ್ದು ಪೀಠಿಕೆಯ 40 ಪುಟ. ರಾತ್ರಿ ಊಟವಾದ ಮೇಲೆ ಕೂರುತ್ತಾರೆ. ವಾಟ್ಸ್ಆ್ಯಪ್ ಗುಂಪುಗಳ ಕಾಟ. ಒಂದು ಪುಟಸಂಖ್ಯೆ ಹುಡುಕಲು ಶಾಸನ ಸಂಪುಟ ತೆರೆದರೆ ಹತ್ತು ಶಾಸನ ಓದಿ ಮಲಗುವುದಾಗುತ್ತದೆ. ಮಾರ್ಗದರ್ಶಕರು ಕೊಟ್ಟದ್ದನ್ನು ಓದುವುದೇ ಇಲ್ಲ ಎಂಬ ದೂರೂ ಇದೆ. ‘ಮೊಬೈಲ್ ತಡೆಯುವ ಒಳ್ಳೆಯ ಆ್ಯಪ್ ಯಾವುದು? ದಿನಕ್ಕೆ ಎಷ್ಟು ಗಂಟೆ ಬರೆಯಬೇಕು?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಆ್ಯಪ್ ವಿಷಯ ಆಮೇಲೆ ನೋಡೋಣ. ಮೊಬೈಲ್ ನೋಡುತ್ತಾ ಕೂತಾಗ ಕೆಲಸ ಆಗುತ್ತಿಲ್ಲ ಎಂಬುದಾದರೂ ನಿಮಗೆ ಗೊತ್ತಾಗುತ್ತದೆ. ಹತ್ತು ಶಾಸನ ಓದಿದ ರಾತ್ರಿ ಅದು ಗೊತ್ತಾಗುವುದಿಲ್ಲ, ದುಡಿದೆ ಎಂಬ ಸಮಾಧಾನದಲ್ಲೇ ನಿದ್ದೆ ಬರುತ್ತದೆ. ನಿಮ್ಮ ಪ್ರಬಂಧವನ್ನು ಹೆಚ್ಚು ತಡೆದಿರುವುದು ಈ ಎರಡನೆಯದೇ. ಇನ್ನಷ್ಟು ಸಾಮಗ್ರಿ, ಅಕ್ಷರದ ಗಾತ್ರ ಸರಿಪಡಿಸುವುದು, ಗ್ರಂಥಋಣದ ಅಲ್ಪವಿರಾಮ ತಿದ್ದುವುದು, ಎಲ್ಲವೂ ಪ್ರಬಂಧದ ಕೆಲಸವೇ. ಆದರೆ ಬರೆಯುವ ಹೊತ್ತಿನ ಕೆಲಸ ಅಲ್ಲ.

ಮೊದಲು ಲೆಕ್ಕ ಹಾಕಿ. ಕನ್ನಡ ಪ್ರಬಂಧ 250 ಪುಟ ಎಂದಿಟ್ಟುಕೊಳ್ಳೋಣ. ಎ4 ಹಾಳೆ, 14 ಪಾಯಿಂಟ್ ಅಕ್ಷರ, ಒಂದೂವರೆ ಸಾಲಿನ ಅಂತರ ಎಂದರೆ ಪುಟಕ್ಕೆ ಸುಮಾರು 220 ಪದ. ಉಳಿದದ್ದು 210 ಪುಟ. ವಾರಕ್ಕೆ ಐದು ದಿನ, ದಿನಕ್ಕೆ ಒಂದು ಪುಟದಂತೆ 42 ವಾರ. ಪರೀಕ್ಷೆ, ಮೌಲ್ಯಮಾಪನ, ಹಬ್ಬ, ಮನೆಯ ಮದುವೆಗಳಿಗೆ ಹತ್ತು ವಾರ ಈಗಲೇ ಬಿಟ್ಟುಬಿಡಿ. ಒಂದು ವರ್ಷಕ್ಕೆ ಮೊದಲ ಕರಡು ಮುಗಿಯುತ್ತದೆ. ಯುಜಿಸಿಯ 2016ರ ನಿಯಮದಲ್ಲೂ 2022ರ ನಿಯಮದಲ್ಲೂ ಗರಿಷ್ಠ ಅವಧಿ 6 ವರ್ಷ. ಮಹಿಳೆಯರಿಗೆ ಇನ್ನೂ 2 ವರ್ಷದ ರಿಯಾಯಿತಿ ಇದೆ, ಆದರೆ ಅದನ್ನು ಯೋಜನೆಯೊಳಗೆ ಸೇರಿಸಬೇಡಿ. ತಿದ್ದುವುದಕ್ಕೆ, ಮಾರ್ಗದರ್ಶಕರು ಓದುವುದಕ್ಕೆ, ಸಲ್ಲಿಕೆಪೂರ್ವ ಮಂಡನೆಗೆ, ಮುದ್ರಣಕ್ಕೆ ಒಂದು ಪೂರ್ತಿ ವರ್ಷ ಬೇಕೇ ಬೇಕು.

ಹಾಗಾಗಿ ದಿನಕ್ಕೆ ಒಂದೂವರೆ ಗಂಟೆ ಬರವಣಿಗೆ ಸಾಕು. ಆ ಹೊತ್ತಿನಲ್ಲಿ ಬರೆಯುವುದನ್ನು ಬಿಟ್ಟು ಬೇರೇನೂ ನಡೆಯಬಾರದು. ರಾತ್ರಿ ಬೇಡ. ಮೂರು ತರಗತಿ ಮುಗಿಸಿ, ಅಡುಗೆ ಮುಗಿಸಿ ಕೂತ ತಲೆ ಸುಲಭದ ಕೆಲಸವನ್ನೇ ಆರಿಸಿಕೊಳ್ಳುತ್ತದೆ, ನಿಮ್ಮ ಮೇಜಿನ ಮೇಲೆ ಇರುವ ಸುಲಭದ ಕೆಲಸವೆಂದರೆ ಇನ್ನೊಂದು ಶಾಸನ ಓದುವುದು. ಬೆಳಗ್ಗೆ ಐದೂವರೆಯಿಂದ ಏಳರವರೆಗೆ ಆಗದಿದ್ದರೆ ಕಾಲೇಜಿನಲ್ಲೇ ಮೊದಲ ತರಗತಿಗೆ ಮುಂಚೆ ಗ್ರಂಥಾಲಯದಲ್ಲಿ ಕೂರಿ. ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ ರೂಪಿಸಿದ ಪೊಮೊಡೊರೊ ಕ್ರಮವನ್ನು ಹಲವರು ಸೂಚಿಸುತ್ತಾರೆ: 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಉತ್ತರಪತ್ರಿಕೆ ತಿದ್ದಲು ಅದು ಚೆನ್ನಾಗಿದೆ. ನಾಲ್ಕು ಶಾಸನಗಳನ್ನು ಹೋಲಿಸಿ ವಾದ ಕಟ್ಟುವಾಗ ಅವು ನೆನಪಿಗೆ ಬಂದು ನಿಲ್ಲಲಿಕ್ಕೇ ಹತ್ತು ನಿಮಿಷ ಹಿಡಿಯುತ್ತದೆ. ಅಲ್ಲಿ 45 ನಿಮಿಷ ಕೆಲಸ, 5 ನಿಮಿಷ ಓಡಾಟ, ಮತ್ತೆ 40 ನಿಮಿಷ ಇರಲಿ.

ಹಿಂದಿನ ಸಂಜೆಯೇ ಮರುದಿನದ ಪುಟಕ್ಕೆ ಬೇಕಾದ ಟಿಪ್ಪಣಿ ಬೇರೆ ತೆಗೆದಿಡಿ: ಆರೆಂಟು ಶಾಸನಗಳ ವಿವರ, ಒಂದೆರಡು ಲೇಖನಗಳ ಸಾರ, ಅಷ್ಟೇ. ಸಾಧ್ಯವಾದರೆ ಕಾಗದದ ಮೇಲೆ. ಬೆಳಗ್ಗೆ ಇಂಟರ್ನೆಟ್ ಆಫ್ ಮಾಡಿ, ಕರ್ನಾಟಕದ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕದ ಪಿಡಿಎಫ್ ಮುಚ್ಚಿ. ಬರೆಯುತ್ತಾ ಪುಟಸಂಖ್ಯೆ ನೆನಪಾಗದಿದ್ದರೆ ಹುಡುಕಬೇಡಿ. ಆ ಜಾಗದಲ್ಲಿ @@ ಎಂದು ಹಾಕಿ, ಪಕ್ಕದಲ್ಲೇ ‘ಸಂಪುಟ 7, ಶಿಕಾರಿಪುರ, ಪುಟ ನೋಡು’ ಎಂದು ಬರೆದು ಮುಂದೆ ಹೋಗಿ. ಸಂಜೆ ಮುಕ್ಕಾಲು ಗಂಟೆ ಈ ಗುರುತುಗಳನ್ನು ತುಂಬುವುದಕ್ಕೆ ಇಡಿ. ಕಂಟ್ರೋಲ್-ಎಫ್ ಒತ್ತಿದರೆ ಎಲ್ಲವೂ ಸಾಲಾಗಿ ಸಿಗುತ್ತವೆ. ದಣಿದ ತಲೆಗೆ ತಕ್ಕ ಕೆಲಸ ಇದು. ಒಂದೇ ಪುಟದಲ್ಲಿ ಐದಾರು @@ ಬಂದರೆ ಆ ಉಪಶೀರ್ಷಿಕೆಯ ಓದು ಇನ್ನೂ ಮುಗಿದಿಲ್ಲ ಎಂದರ್ಥ. ಅದನ್ನು ಪಕ್ಕಕ್ಕಿಟ್ಟು ಸಿದ್ಧವಾಗಿರುವ ಬೇರೊಂದನ್ನು ಬರೆಯಿರಿ.

ಸಾಮಗ್ರಿ ಸಂಗ್ರಹವನ್ನು ನಿಲ್ಲಿಸುವುದು ಯಾವಾಗ? ನಿಮ್ಮ ವಿಷಯಕ್ಕೆ ಬೇಲಿ ಈಗಾಗಲೇ ಇದೆ. ಎಪಿಗ್ರಾಫಿಯಾ ಕರ್ನಾಟಿಕವನ್ನು ಮೊದಲು ಸಂಪಾದಿಸಿದ ಬಿ.ಎಲ್. ರೈಸ್ ಅವರ ಹಳೆಯ ಆವೃತ್ತಿಯಲ್ಲಿ ಶಿವಮೊಗ್ಗ ಜಿಲ್ಲೆ 7 ಮತ್ತು 8ನೆಯ ಸಂಪುಟಗಳಲ್ಲಿದೆ. ಒಂದು ಸ್ಪ್ರೆಡ್‌ಶೀಟ್ ಮಾಡಿ, ಶಾಸನಕ್ಕೆ ಒಂದು ಸಾಲು: ಆವೃತ್ತಿ, ಸಂಪುಟ, ಸಂಖ್ಯೆ, ಪುಟ, ಊರು, ಶಕವರ್ಷ, ಅರಸು ಮನೆತನ, ದಾನಿ, ಉದ್ದೇಶ. ಉದ್ದೇಶದ ಕಲಮಿನಲ್ಲಿ ಹೊಸ ಕೆರೆ, ದುರಸ್ತಿ, ಬಿತ್ತುವಟ್ಟ (ಕೆರೆಯ ನಿರ್ವಹಣೆಗೆ ಬಿಟ್ಟ ದಾನ), ಕಟ್ಟುಗೊಡಗೆ (ಕೆರೆ ಕಟ್ಟಿದವರಿಗೆ ಕೊಟ್ಟ ಭೂಮಿ), ವ್ಯಾಜ್ಯ ಎಂಬಂತೆ ಕೆಲವೇ ಪದ ಬಳಸಿ. ಕೊನೆಯ ಇಪ್ಪತ್ತು ಶಾಸನಗಳಿಂದ ಆ ಕಲಮಿಗೆ ಒಂದೂ ಹೊಸ ಪದ ಬರಲಿಲ್ಲ ಎಂದಾದರೆ ಸಂಗ್ರಹ ಸಾಕು. ಆಮೇಲೆ ಸಿಕ್ಕಿದ್ದಕ್ಕೆ ‘ನಂತರ’ ಎಂಬ ಕಡತವೊಂದಿರಲಿ. ಇನ್ನೊಂದು ಮಾತು: ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಖ್ಯೆಗಳು ಬದಲಾಗಿವೆ. ಆವೃತ್ತಿಯ ಹೆಸರಿಲ್ಲದ ‘ಸೊರಬ 25’ ಎಂಬ ಟಿಪ್ಪಣಿ ಆರು ತಿಂಗಳ ಮೇಲೆ ನಿಮ್ಮ ಒಂದು ಬೆಳಗನ್ನು ತಿನ್ನುತ್ತದೆ. ಶಕವರ್ಷಕ್ಕೆ 78 ಕೂಡಿಸಿ ಕ್ರಿಸ್ತಶಕ ಬರೆಯುವುದನ್ನೂ ಈ ಸ್ಪ್ರೆಡ್‌ಶೀಟಿನಲ್ಲೇ ಮುಗಿಸಿ. ಪುಷ್ಯದಿಂದ ಫಾಲ್ಗುಣದವರೆಗಿನ ತಿಥಿಗಳಿಗೆ ಹಲವು ಸಲ 79 ಬೇಕಾಗುತ್ತದೆ, ಅವುಗಳ ಮುಂದೆ ಗುರುತು ಹಾಕಿಡಿ. ಶಾಸನದ ಸಂಖ್ಯೆಯನ್ನು ಚಾಟ್‌ಜಿಪಿಟಿಯನ್ನು ಕೇಳಲೇಬೇಡಿ, ಇಲ್ಲದ ಸಂಖ್ಯೆಯನ್ನೂ ಅದು ಧೈರ್ಯವಾಗಿ ಹೇಳಿಬಿಡುತ್ತದೆ.

ಪೀಠಿಕೆಯನ್ನು ಮತ್ತೆ ಮುಟ್ಟಬೇಡಿ. ಉಳಿದ ಅಧ್ಯಾಯಗಳು ಮುಗಿದ ಮೇಲೆ ಅದರಲ್ಲಿ ಅರ್ಧ ಹೇಗೂ ಬದಲಾಗುತ್ತದೆ. ಈಗ ಅಂಕಿಅಂಶ ಕೈಯಲ್ಲಿರುವ ಅಧ್ಯಾಯ ಹಿಡಿಯಿರಿ, ನಿಮ್ಮ ವಿಷಯದಲ್ಲಿ ಕೆರೆಯ ನಿರ್ವಹಣೆಯದ್ದು. ಅಧ್ಯಾಯ ಉತ್ತರಿಸಬೇಕಾದ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು ಗೋಡೆಗೆ ಅಂಟಿಸಿ. ‘ಕೆರೆಯ ಹೂಳೆತ್ತುವ ಖರ್ಚನ್ನು ಯಾರು, ಯಾವ ಆದಾಯದಿಂದ ಭರಿಸುತ್ತಿದ್ದರು?’ ಎಂಬಂಥದ್ದು. ಅದರ ಕೆಳಗೆ ಎಂಟೋ ಹತ್ತೋ ಉಪಶೀರ್ಷಿಕೆ, ಒಂದೊಂದಕ್ಕೆ ನಾಲ್ಕೈದು ಪುಟ. ‘ಅಧ್ಯಾಯ ಬರೆಯಬೇಕು’ ಎಂದು ಕೂತವರು ಏಳಲು ನೆಪ ಹುಡುಕುತ್ತಾರೆ. ‘ಬಿತ್ತುವಟ್ಟದ ಭೂಮಿಯ ಅಳತೆ, ಎರಡನೆಯ ಪುಟ’ ಎಂದು ಕೂತವರಿಗೆ ಎಲ್ಲಿಂದ ಶುರುಮಾಡಬೇಕೆಂಬುದು ಗೊತ್ತಿರುತ್ತದೆ. ಏಳುವ ಮುಂಚೆ ಮುಂದಿನ ವಾಕ್ಯ ಏನೆಂಬುದನ್ನು ಅರ್ಧ ಸಾಲಿನಲ್ಲಿ ಬರೆದಿಡಿ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಳೆಯದರಲ್ಲೇ ಉಳಿಯುತ್ತದೆ ಎಂಬುದನ್ನು ಸಂಶೋಧಕಿ ಸೋಫಿ ಲೆರಾಯ್ 2009ರ ಅಧ್ಯಯನದಲ್ಲಿ ತೋರಿಸಿದರು. ಮುಂದಿನದನ್ನು ಬರೆದಿಟ್ಟರೆ ಮನಸ್ಸು ಅದನ್ನು ಹೊತ್ತು ತಿರುಗಬೇಕಿಲ್ಲ, ಹಾಗಾಗಿ ಆ ಅರ್ಧ ಸಾಲು ತರಗತಿಯಲ್ಲಿ ನಿಂತಾಗಲೂ ನಿಮಗೆ ನೆರವಾಗುತ್ತದೆ.

ಈಗ ಮೊಬೈಲ್. ತಡೆಯುವ ಆ್ಯಪ್‌ಗಳ ತೊಂದರೆ ಒಂದೇ, ಬೀಗವೂ ಕೀಲಿಯೂ ನಿಮ್ಮ ಕೈಯಲ್ಲೇ ಇರುತ್ತವೆ. ಫೋನನ್ನು ಬೇರೆ ಕೋಣೆಯಲ್ಲಿಡುವುದು ಹೆಚ್ಚು ಫಲಕಾರಿ. ಮನೆಯಲ್ಲಿ ವಯಸ್ಸಾದವರೋ ಮಕ್ಕಳೋ ಇದ್ದು ಕರೆ ತಪ್ಪುತ್ತದೆ ಎಂಬ ಆತಂಕ ಇದ್ದರೆ ಆಂಡ್ರಾಯ್ಡ್‌ನ ‘ಡು ನಾಟ್ ಡಿಸ್ಟರ್ಬ್’ ಹಾಕಿ, ನಕ್ಷತ್ರ ಗುರುತಿನ ಸಂಪರ್ಕಗಳಿಗೆ ಮಾತ್ರ ಅನುಮತಿ ಕೊಡಿ. ಒಬ್ಬರೇ 15 ನಿಮಿಷದೊಳಗೆ ಎರಡನೆಯ ಸಲ ಕರೆದರೆ ರಿಂಗ್ ಆಗುವ ಆಯ್ಕೆಯೂ ಅಲ್ಲೇ ಇದೆ. ವಾಟ್ಸ್ಆ್ಯಪ್‌ನಲ್ಲಿ ಮಾರ್ಗದರ್ಶಕರದ್ದು, ಕಾಲೇಜಿನದ್ದು ಬಿಟ್ಟು ಉಳಿದ ಗುಂಪುಗಳನ್ನು ಆರ್ಕೈವ್ ಮಾಡಿ, ಹೊಸ ಸಂದೇಶ ಬಂದರೂ ಅಲ್ಲೇ ಉಳಿಯುವಂತೆ ಸೆಟ್ಟಿಂಗ್ ಬದಲಿಸಿ. ಲ್ಯಾಪ್‌ಟಾಪ್‌ನ ವಾಟ್ಸ್ಆ್ಯಪ್ ವೆಬ್‌ನಿಂದ ಲಾಗ್‌ಔಟ್ ಆಗುವುದನ್ನು ಬಹಳ ಜನ ಮರೆಯುತ್ತಾರೆ.

ಮೊಬೈಲಿಗಿಂತ ಹೆಚ್ಚು ವಾರಗಳನ್ನು ನುಂಗುವುದು ವಿಚಾರಸಂಕಿರಣ ಮತ್ತು ಅಭಿನಂದನ ಗ್ರಂಥ. ಕರೆದವರು ಗುರುಗಳು, ಇಲ್ಲ ಎನ್ನುವುದು ಕಷ್ಟ. ಪ್ರಬಂಧದ ಯಾವುದಾದರೊಂದು ಉಪಶೀರ್ಷಿಕೆಯನ್ನೇ ಮಂಡಿಸಬಹುದಾದರೆ ಒಪ್ಪಿಕೊಳ್ಳಿ, ಹೊಸ ವಿಷಯ ಕೇಳಿದರೆ ಮುಂದಿನ ವರ್ಷ ಎನ್ನಿ.

ಹಳೆಯ ಟಿಪ್ಪಣಿ ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ, ಹೊಸದು ಯೂನಿಕೋಡ್‌ನಲ್ಲಿ ಇದೆ ಎಂದು ಬರೆದಿದ್ದೀರಿ. ಎರಡರಲ್ಲೂ ಒಂದೇ ಪದವನ್ನು ಹುಡುಕಲಾಗುವುದಿಲ್ಲ, ಅದಕ್ಕೇ ಇದ್ದ ಟಿಪ್ಪಣಿಯೂ ಸಿಗದೆ ಮತ್ತೆ ಸಂಪುಟ ತೆರೆಯುತ್ತೀರಿ. ಒಂದು ಶನಿವಾರ, ಭಾನುವಾರ ಕೂತು ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸಿ. ಅರ್ಕಾವತ್ತು, ಎರಡು ಒತ್ತಿರುವ ಅಕ್ಷರಗಳು, ಉದ್ಧರಣ ಚಿಹ್ನೆಗಳು, ಶಾಸನಪಾಠದ ಱ ಮತ್ತು ೞ ಕೆಡುವ ಜಾಗಗಳು, ಅಷ್ಟನ್ನು ಕಣ್ಣಾಡಿಸಿ ನೋಡಿ. ವಿಶ್ವವಿದ್ಯಾನಿಲಯ ನುಡಿಯನ್ನೇ ಕೇಳಿದರೂ ಕೊನೆಯಲ್ಲಿ ಒಮ್ಮೆ ತಿರುಗಿಸಿದರಾಯಿತು. ಅಧ್ಯಾಯಕ್ಕೊಂದು ಕಡತ, ಹೆಸರಿನಲ್ಲಿ ದಿನಾಂಕ, ಪ್ರತಿ ಶುಕ್ರವಾರ ಪೆನ್‌ಡ್ರೈವ್‌ನಲ್ಲೂ ಗೂಗಲ್ ಡ್ರೈವ್‌ನಲ್ಲೂ ಒಂದೊಂದು ಪ್ರತಿ.

ದಣಿದು ಬರೆಯುವುದರಲ್ಲಿ ಇನ್ನೊಂದು ಅಪಾಯವಿದೆ. ಟಿಪ್ಪಣಿಯ ಸಾಲು ಹಾಗೇ ಪ್ರಬಂಧಕ್ಕೆ ಇಳಿಯುತ್ತದೆ, ಅದು ನಿಮ್ಮದೋ ಇನ್ನೊಬ್ಬ ವಿದ್ವಾಂಸರದೋ ತಿಳಿಯುವುದಿಲ್ಲ. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. ಅದನ್ನು ದಾಟಿ ಶೇ 40ರವರೆಗೆ ಇದ್ದರೆ ಆರು ತಿಂಗಳು ಮೀರದ ಗಡುವಿನಲ್ಲಿ ತಿದ್ದಿ ಮತ್ತೆ ಸಲ್ಲಿಸಬೇಕು. ಆಧಾರ ಕೊಟ್ಟು ಉದ್ಧರಿಸಿದ ಭಾಗ ಲೆಕ್ಕಕ್ಕೆ ಬರುವುದಿಲ್ಲ. ಟಿಪ್ಪಣಿಯಲ್ಲಿ ಬೇರೆಯವರ ಮಾತೆಲ್ಲ ಉದ್ಧರಣ ಚಿಹ್ನೆಯೊಳಗೆ, ನಿಮ್ಮ ಮಾತು ಬೇರೆ ಬಣ್ಣದಲ್ಲಿ ಇರಲಿ.

ಮಾರ್ಗದರ್ಶಕರು ಓದುವುದೇ ಇಲ್ಲ ಎಂಬ ದೂರಿಗೆ ಬರೋಣ. ಅರವತ್ತು ಪುಟ ಒಟ್ಟಿಗೆ ಕೊಟ್ಟರೆ ಅದು ರಜೆಗೆ ಕಾಯುತ್ತದೆ. ಮೂರು ಉಪಶೀರ್ಷಿಕೆ ಮುಗಿದ ಕೂಡಲೇ ಹನ್ನೆರಡು, ಹದಿನೈದು ಪುಟ ಮುದ್ರಿಸಿ ಕೊಡಿ. ಮೇಲೊಂದು ಚೀಟಿಯಲ್ಲಿ ಮೂರೇ ಪ್ರಶ್ನೆ: ಈ ವಿಂಗಡಣೆ ಒಪ್ಪಿಗೆಯೇ, ಯಾವ ಶಾಸನದ ಅರ್ಥ ಅನುಮಾನ, ಏನು ಬಿಟ್ಟುಹೋಗಿದೆ? ಉತ್ತರ ಬರುವವರೆಗೆ ಕಾಯಬೇಡಿ, ಮರುದಿನ ಬೆಳಗ್ಗೆ ನಾಲ್ಕನೆಯ ಉಪಶೀರ್ಷಿಕೆ ಶುರುಮಾಡಿ.